ಬಾಗಿಲ ಹೊರಗೆ ನಿಂತ ಬಾಲಕ: ಕಾರ್ಮಿಕ ನಾಯಕ ಕೀರ್ ಹಾರ್ಡಿಯವರ ಜೀವನ

ದುಡಿದು ಉಣ್ಣುವುದು ಧರ್ಮವೆಂದು ಎಲ್ಲರೂ ಹೇಳುತ್ತಾರೆ. ದುಡಿದವನಿಗೆ ಉಣ್ಣಲು ಸಿಗುವಂತೆ ನೋಡಿಕೊಳ್ಳುವುದೂ ಧರ್ಮವೇ ಎಂದು ಹೇಳುವವರು ಕಡಿಮೆ. ಹೇಳಿ ಅದರಂತೆ ಬದುಕುವವರು ಇನ್ನೂ ಕಡಿಮೆ. ದೇವರ ಹೆಸರನ್ನು ನಿತ್ಯವೂ ಸ್ಮರಿಸುವ ಮನೆಯಲ್ಲಿಯೇ ಆಳಿನ ಕೂಲಿಯನ್ನು ಹಿಡಿದಿಟ್ಟುಕೊಳ್ಳುವ ವಿಪರ್ಯಾಸವು ಒಂದು ದೇಶಕ್ಕೆ, ಒಂದು ಮತಕ್ಕೆ ಸೀಮಿತವಾದುದಲ್ಲ. ಈ ವಿಪರ್ಯಾಸವನ್ನು ಹತ್ತನೆಯ ವಯಸ್ಸಿನಲ್ಲಿಯೇ ಕಣ್ಣಾರೆ ಕಂಡು, ಅದರಿಂದ ದೇವರನ್ನು ದೂರದೆ, ದೇವರ ಹೆಸರು ಹೇಳುವವರನ್ನು ಜೀವನಪೂರ್ತಿ ಪ್ರಶ್ನಿಸುತ್ತ ನಡೆದವರು ಸ್ಕಾಟ್ಲೆಂಡಿನ ಗಣಿ ಕಾರ್ಮಿಕ ಜೇಮ್ಸ್ ಕೀರ್ ಹಾರ್ಡಿಯವರು. ಬ್ರಿಟನ್ನಿನ ಲೇಬರ್ ಪಕ್ಷದ ಮೂಲಪುರುಷರೆಂದು ಇತಿಹಾಸವು ಅವರನ್ನು ಗುರುತಿಸುತ್ತದೆ. ಪಕ್ಷ ಕಟ್ಟಿದ್ದಕ್ಕಿಂತ ಅವರು ಕೇಳಿದ ಪ್ರಶ್ನೆಯೇ ದೊಡ್ಡದು ಎಂಬುದನ್ನು ಅವರ ಜೀವನವನ್ನು ಮೊದಲಿನಿಂದ ನೋಡಿದಾಗ ತಿಳಿಯಬಹುದು.

ಹತ್ತೊಂಬತ್ತನೆಯ ಶತಮಾನದ ಬ್ರಿಟನ್ ಕಲ್ಲಿದ್ದಲಿನ ಮೇಲೆ ನಿಂತ ಸಾಮ್ರಾಜ್ಯವಾಗಿತ್ತು. ಗಿರಣಿಯ ಮಗ್ಗ ತಿರುಗಬೇಕಾದರೂ, ಕಬ್ಬಿಣ ಕರಗಬೇಕಾದರೂ, ರೈಲು ಓಡಬೇಕಾದರೂ, ಹಡಗು ಸಮುದ್ರ ದಾಟಬೇಕಾದರೂ ಕಲ್ಲಿದ್ದಲು ಬೇಕು. ಅದನ್ನು ಅಗೆದು ತರುವವರು ಭೂಮಿಯ ಕೆಳಗೆ ನೂರಾರು ಅಡಿ ಆಳದಲ್ಲಿ ಬಾಗಿ, ಮಲಗಿ, ಎಣ್ಣೆ ದೀಪದ ಬೆಳಕಿನಲ್ಲಿ ದುಡಿಯುವ ಮನುಷ್ಯರು. ಅಗೆದ ಕಲ್ಲಿದ್ದಲಿನ ತೂಕದ ಮೇಲೆ ಅವರಿಗೆ ಕೂಲಿ. ಅನೇಕ ಕಡೆ ಅವರು ವಾಸಿಸುವ ಮನೆಯೂ ಗಣಿಯ ಒಡೆಯನದೇ. ಕೆಲಸ ಹೋದರೆ ನೆತ್ತಿಯ ಮೇಲಿನ ಸೂರೂ ಹೋಗುತ್ತಿತ್ತು. 1842ರ ಗಣಿ ಕಾಯಿದೆಯು ಹೆಂಗಸರನ್ನೂ ಹತ್ತು ವರ್ಷದೊಳಗಿನ ಗಂಡುಮಕ್ಕಳನ್ನೂ ಭೂಗರ್ಭದ ಕೆಲಸಕ್ಕೆ ಇಳಿಸಬಾರದೆಂದು ವಿಧಿಸಿತು. ಹತ್ತು ತುಂಬಿದ ಮಗುವನ್ನು ಇಳಿಸಬಹುದು ಎಂಬುದು ಆ ದಯೆಯ ಇನ್ನೊಂದು ಮುಖವಾಗಿತ್ತು.

ಪ್ರಾರ್ಥನೆ ಮುಗಿಯುವವರೆಗೆ

ಹಾರ್ಡಿಯವರು ಜನಿಸಿದುದು 1856ರ ಆಗಸ್ಟ್ 15ರಂದು, ಸ್ಕಾಟ್ಲೆಂಡಿನ ಲ್ಯಾನಾರ್ಕ್‌ಷೈರ್ ಪ್ರಾಂತದ ಲೆಗ್ಬ್ರಾನಕ್ ಎಂಬ ಸಣ್ಣ ಊರಿನ ಒಂದು ಕೋಣೆಯ ಮನೆಯಲ್ಲಿ. ತಾಯಿ ಮೇರಿ ಕೀರ್ ಪರರ ಮನೆಯಲ್ಲಿ ದುಡಿಯುವ ಆಳು. ಮದುವೆಯಾಗುವ ಮೊದಲೇ ಮಗುವಿನ ತಾಯಿಯಾದವಳು. ಮುಂದೆ ಹಡಗಿನ ಬಡಗಿಯಾದ ಡೇವಿಡ್ ಹಾರ್ಡಿಯನ್ನು ಆಕೆ ವಿವಾಹವಾದಳು. ಆತನ ಹೆಸರೇ ಮಗುವಿಗೂ ಬಂದಿತು. ಕುಟುಂಬವು ಕೆಲಸವನ್ನು ಅರಸುತ್ತ ಗ್ಲಾಸ್ಗೋ ನಗರದ ಹಡಗುಕಟ್ಟೆಗಳ ಸಮೀಪಕ್ಕೆ ಬಂದು ನೆಲೆಸಿತು. ಎಂಟು ವರ್ಷ ತುಂಬುವ ಹೊತ್ತಿಗೆ ಹುಡುಗನು ಸಂದೇಶ ಒಯ್ಯುವ ಕೆಲಸಕ್ಕೆ ಸೇರಿದ್ದನು. ಹಗಲಿನ ಶಾಲೆಯನ್ನು ಅವನು ಕಾಣಲೇ ಇಲ್ಲ. ಓದಲು ಕಲಿಸಿದವಳು ತಾಯಿ.

1866ರಲ್ಲಿ ಕ್ಲೈಡ್ ನದಿಯ ಹಡಗುಕಟ್ಟೆಗಳ ಒಡೆಯರು ಕಾರ್ಮಿಕರ ಸಂಘದೊಂದಿಗೆ ಕಲಹಕ್ಕೆ ಬಿದ್ದು ಕೆಲಸಗಾರರನ್ನು ಹೊರಗಟ್ಟಿ ಬಾಗಿಲು ಮುಚ್ಚಿದರು. ತಿಂಗಳುಗಟ್ಟಲೆ ತಂದೆಗೆ ಕೆಲಸವಿಲ್ಲ. ಮನೆಯ ಸಾಮಾನುಗಳು ಒಂದೊಂದಾಗಿ ಮಾರಾಟವಾದವು. ಆಗ ಮನೆಗೆ ಬರುತ್ತಿದ್ದ ವರಮಾನವೆಂದರೆ ಹತ್ತು ವರ್ಷದ ಹುಡುಗನು ರೊಟ್ಟಿ ಅಂಗಡಿಯೊಂದರಲ್ಲಿ ದುಡಿದು ತರುತ್ತಿದ್ದ ವಾರದ ಕೂಲಿಯೊಂದೇ. ವರ್ಷದ ಕೊನೆಯ ವಾರವದು. ತಾಯಿ ತುಂಬು ಗರ್ಭಿಣಿ. ತಮ್ಮನು ಜ್ವರದಿಂದ ಮಲಗಿದ್ದನು. ತಂದೆ ಕೆಲಸ ಹುಡುಕಿಕೊಂಡು ಊರು ಬಿಟ್ಟು ಹೋಗಿದ್ದನು. ರಾತ್ರಿಯೆಲ್ಲ ತಾಯಿಗೂ ತಮ್ಮನಿಗೂ ನೆರವಾಗಿ ಎಚ್ಚರವಿದ್ದ ಹುಡುಗನು ಬೆಳಿಗ್ಗೆ ಅಂಗಡಿಗೆ ಕಾಲು ಗಂಟೆ ತಡವಾಗಿ ಹೋದನು. ಎಚ್ಚರಿಕೆ ದೊರೆಯಿತು. ಎರಡನೆಯ ಬಾರಿ ತಡವಾದಾಗ, ಮಳೆಯಲ್ಲಿ ತೊಯ್ದು ಬಂದವನನ್ನು ಒಡೆಯನ ಮನೆಗೆ ಕಳುಹಿಸಲಾಯಿತು.

ಊಟದ ಕೋಣೆಯ ಬಾಗಿಲಲ್ಲಿ ಅವನನ್ನು ನಿಲ್ಲಿಸಿದರು. ಒಳಗೆ ಒಡೆಯನು ಕುಟುಂಬದೊಂದಿಗೆ ಪ್ರಾರ್ಥನೆಯಲ್ಲಿದ್ದನು. ದೈವಭಕ್ತನೆಂದು ಊರಿನಲ್ಲಿ ಆತನಿಗೆ ಹೆಸರಿತ್ತು. ಪ್ರಾರ್ಥನೆ ಮುಗಿದ ಮೇಲೆ ಬಾಗಿಲು ತೆರೆಯಿತು. ಮೇಜಿನ ಸುತ್ತ ಮಕ್ಕಳು, ಬಿಸಿ ಕಾಫಿಯ ಪರಿಮಳ, ತಟ್ಟೆಗಳಲ್ಲಿ ತಿಂಡಿ. ಹಸಿದು ನಡುಗುತ್ತಿದ್ದ ಹುಡುಗನ ಎದುರಿಗೆ, ಕೆಲಸದಲ್ಲಿ ಶ್ರದ್ಧೆ ಇರಬೇಕೆಂದು ಆತನು ಉಪದೇಶ ಮಾಡಿ, ಅವನನ್ನು ಕೆಲಸದಿಂದ ತೆಗೆದುಹಾಕಿದನು. ದಂಡವಾಗಿ ಆ ವಾರದ ಕೂಲಿಯನ್ನೂ ಕೊಡಲಿಲ್ಲ. ತಾಯಿಗೆ ಏನೆಂದು ಹೇಳುವುದೆಂದು ತಿಳಿಯದೆ ಹುಡುಗನು ಮಳೆಯಲ್ಲಿ ಬೀದಿ ಬೀದಿ ಅಲೆದನು. ಅಂದಿನ ರಾತ್ರಿಯೇ ಆ ಮನೆಯಲ್ಲಿ ಮಗು ಹುಟ್ಟಿತು. 1867ರ ಜನವರಿ 1ರ ಸೂರ್ಯನು ಮೂಡಿದಾಗ ಆ ಮನೆಯಲ್ಲಿ ಬೆಂಕಿಯೂ ಇರಲಿಲ್ಲ, ಆಹಾರವೂ ಇರಲಿಲ್ಲ ಎಂದು ಹಾರ್ಡಿಯವರೇ ಮುಂದೆ ಬರೆದಿದ್ದಾರೆ.

ಈ ಘಟನೆಯಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಆ ಒಡೆಯನು ದುಷ್ಟನೆಂದು ಹೆಸರಾದವನಲ್ಲ. ಅವನ ಪ್ರಾರ್ಥನೆ ಬೂಟಾಟಿಕೆಯೂ ಅಲ್ಲದಿರಬಹುದು. ಒಳಗಿನ ಪ್ರಾರ್ಥನೆಗೂ ಬಾಗಿಲ ಹೊರಗೆ ನಿಂತ ಹಸಿವಿಗೂ ಸಂಬಂಧವಿದೆ ಎಂಬುದು ಅವನಿಗೆ ಹೊಳೆಯಲಿಲ್ಲ, ಅಷ್ಟೆ. ಹೊಳೆಯದಂತೆ ಮಾಡುವ ಗೋಡೆಯೊಂದನ್ನು ಆ ಕಾಲದ ಸಮಾಜವು ಕಟ್ಟಿಕೊಂಡಿತ್ತು. ಕೂಲಿ, ಬೆಲೆ, ಲಾಭ ಇವು ಲೋಕದ ವ್ಯವಹಾರ. ದೇವರು, ದಯೆ, ಪಾಪ, ಪುಣ್ಯ ಇವು ಬೇರೆ ಲೋಕದ ವಿಷಯ ಎಂಬುದೇ ಆ ಗೋಡೆ. ಹಾರ್ಡಿಯವರ ಜೀವನವೆಲ್ಲವೂ ಆ ಗೋಡೆಯನ್ನು ಕೆಡಹುವ ಪ್ರಯತ್ನವೇ ಆಗಿದೆ.

ಕತ್ತಲೆಯ ಪಾಠಶಾಲೆ

ಕುಟುಂಬವು ಮರಳಿ ಗಣಿನಾಡಿಗೆ ಬಂದಿತು. ಹತ್ತು ವರ್ಷ ತುಂಬಿದ್ದ ಹುಡುಗನು ಗಣಿಗೆ ಇಳಿದನು. ಮೊದಲ ಕೆಲಸ ಬಾಗಿಲು ಕಾಯುವುದು. ಗಣಿಯೊಳಗೆ ಗಾಳಿಯು ನಿಗದಿಯಾದ ದಾರಿಯಲ್ಲಿಯೇ ಹರಿಯುವಂತೆ ಅಲ್ಲಲ್ಲಿ ಮರದ ಬಾಗಿಲುಗಳನ್ನು ಹಾಕಿರುತ್ತಿದ್ದರು. ಕಲ್ಲಿದ್ದಲು ತುಂಬಿದ ತೊಟ್ಟಿಗಾಡಿ ಬಂದಾಗ ಬಾಗಿಲು ತೆರೆಯಬೇಕು, ಹೋದ ಕೂಡಲೇ ಮುಚ್ಚಬೇಕು. ಮುಚ್ಚಲು ಮರೆತರೆ ಒಳಗೆ ವಿಷಗಾಳಿ ಸೇರಿ ಎಲ್ಲರ ಪ್ರಾಣಕ್ಕೆ ಸಂಚಕಾರ. ಹತ್ತು ವರ್ಷದ ಮಗು ಹತ್ತು ಗಂಟೆಗಳ ಕಾಲ ಕತ್ತಲೆಯಲ್ಲಿ ಒಂಟಿಯಾಗಿ ಕುಳಿತು ಈ ಕೆಲಸ ಮಾಡಬೇಕು. ಚಳಿಗಾಲದಲ್ಲಿ ಸೂರ್ಯೋದಯಕ್ಕೆ ಮೊದಲೇ ಕೆಳಗಿಳಿದು ಸೂರ್ಯಾಸ್ತದ ನಂತರ ಮೇಲೆ ಬರುತ್ತಿದ್ದುದರಿಂದ ಭಾನುವಾರವೊಂದನ್ನು ಬಿಟ್ಟರೆ ಅವನಿಗೆ ಹಗಲೆಂಬುದೇ ಇರಲಿಲ್ಲ. ಮುಂದೆ ಗಣಿಯ ಕುದುರೆಗಳನ್ನು ನಡೆಸುವ ಕೆಲಸ, ಅನಂತರ ಕಲ್ಲಿದ್ದಲು ಅಗೆಯುವ ಕೆಲಸ. ಹೀಗೆ ಗಣಿಯ ಎಲ್ಲ ಕೆಲಸಗಳನ್ನೂ ಅವರು ಕೈಯಾರೆ ಬಲ್ಲವರಾದರು.

ದಿನದ ದುಡಿಮೆ ಮುಗಿದ ಮೇಲೆ ಅವರು ರಾತ್ರಿ ಶಾಲೆಗೆ ಹೋಗುತ್ತಿದ್ದರು. ಬೆಳಕಿಗೆ ಮೇಣದ ಬತ್ತಿಯನ್ನು ವಿದ್ಯಾರ್ಥಿಗಳೇ ಒಯ್ಯಬೇಕಾಗಿತ್ತು. ಗಣಿಯೊಳಗೆ ದೀಪದ ಹೊಗೆಯಿಂದ ಕಲ್ಲಿನ ಹಲಗೆಯನ್ನು ಕಪ್ಪು ಮಾಡಿ, ಸೂಜಿಯ ಮೊನೆಯಿಂದ ಗೀಚಿ ಶೀಘ್ರಲಿಪಿಯನ್ನು ಅಭ್ಯಾಸ ಮಾಡಿದರು. ಪುರೋಹಿತರ ಮನೆಯ ಬಾಗಿಲನ್ನೂ ಕಾಣದ, ದೇವರನ್ನೇ ನಂಬದ ತಂದೆತಾಯಿಗಳ ಮಗನಾಗಿದ್ದರೂ, ಇಪ್ಪತ್ತೆರಡರ ಪ್ರಾಯದ ಸುಮಾರಿಗೆ ಹಾರ್ಡಿಯವರು ಸ್ವಂತ ವಿಚಾರದಿಂದ ಕ್ರೈಸ್ತಭಕ್ತಿಯನ್ನು ಸ್ವೀಕರಿಸಿದರು. ಅದಕ್ಕೂ ಮೊದಲೇ ಪಾನನಿರೋಧ ಸಂಘವನ್ನು ಸೇರಿದ್ದರು. ಗಣಿಯ ದಣಿವನ್ನು ಮದ್ಯದಲ್ಲಿ ಮರೆಯುವ ಜನರ ಮಧ್ಯದಲ್ಲಿದ್ದುಕೊಂಡು ಅವರು ಕಡೆಯವರೆಗೂ ಮದ್ಯವನ್ನು ಮುಟ್ಟಲಿಲ್ಲ. ಸಭೆಗಳಲ್ಲಿ ಮಾತನಾಡುವುದನ್ನು ಅವರು ಕಲಿತದ್ದೂ ಇಂತಹ ಭಜನೆ ಪ್ರಾರ್ಥನೆಗಳ ಕೂಟಗಳಲ್ಲಿ, ಪಾನನಿರೋಧದ ವೇದಿಕೆಗಳಲ್ಲಿ.

ಪ್ರಾರ್ಥನೆಯ ಬಾಗಿಲಲ್ಲಿ ಅವಮಾನಗೊಂಡ ಹುಡುಗನು ಪ್ರಾರ್ಥನೆಯನ್ನೇ ದ್ವೇಷಿಸಿದ್ದರೆ ಆಶ್ಚರ್ಯವೇನೂ ಇರಲಿಲ್ಲ. ಹಾರ್ಡಿಯವರು ಹಾಗೆ ಮಾಡಲಿಲ್ಲ. ನಂಬಿಕೆ ಸುಳ್ಳಲ್ಲ, ನಂಬಿದಂತೆ ನಡೆಯದಿರುವುದೇ ಸುಳ್ಳು ಎಂಬ ನಿರ್ಧಾರಕ್ಕೆ ಅವರು ಬಂದರು. ಅವರ ಸಮಾಜವಾದವು ಗ್ರಂಥಗಳ ಅರ್ಥಶಾಸ್ತ್ರಕ್ಕಿಂತ ಹೆಚ್ಚಾಗಿ ಈ ನಿರ್ಧಾರದಿಂದ ಹುಟ್ಟಿದುದು.

ಸಂಘದ ಕಾಯಕ

ಚೆನ್ನಾಗಿ ಮಾತನಾಡಬಲ್ಲ, ಬರೆಯಬಲ್ಲ ಯುವಕನನ್ನು ಗಣಿಯ ಜನರು ತಮ್ಮ ದೂರುಗಳನ್ನು ಹೇಳಲು ಮುಂದೆ ನಿಲ್ಲಿಸಿದರು. ಅದರ ಫಲವು ಬೇಗನೆ ದೊರೆಯಿತು. ಹಾರ್ಡಿಯವರನ್ನೂ ಅವರ ಇಬ್ಬರು ತಮ್ಮಂದಿರನ್ನೂ ಗಣಿಯಿಂದ ಹೊರಹಾಕಲಾಯಿತು. ಸುತ್ತಲಿನ ಒಡೆಯರೆಲ್ಲರೂ ಒಂದಾಗಿ ಹೆಸರನ್ನು ಕಪ್ಪುಪಟ್ಟಿಗೆ ಸೇರಿಸಿದುದರಿಂದ ಆ ಸೀಮೆಯಲ್ಲಿ ಎಲ್ಲಿಯೂ ಅವರಿಗೆ ಕೆಲಸವಿಲ್ಲದಂತಾಯಿತು. 1879ರಲ್ಲಿ ಹ್ಯಾಮಿಲ್ಟನ್ ಪ್ರದೇಶದ ಗಣಿ ಕಾರ್ಮಿಕರು ಅವರನ್ನು ತಮ್ಮ ಪತ್ರವ್ಯವಹಾರದ ಕಾರ್ಯದರ್ಶಿಯನ್ನಾಗಿ ಆರಿಸಿದರು. ಅದೇ ವರ್ಷ ಲಿಲ್ಲಿ ವಿಲ್ಸನ್ ಅವರೊಂದಿಗೆ ವಿವಾಹವಾಯಿತು.

1880ರಲ್ಲಿ ಕೂಲಿ ಕಡಿತದ ವಿರುದ್ಧ ಲ್ಯಾನಾರ್ಕ್‌ಷೈರಿನಲ್ಲಿ ಮುಷ್ಕರ ನಡೆಯಿತು. ಸಂಘದ ಪೆಟ್ಟಿಗೆಯಲ್ಲಿ ಹಣವಿರಲಿಲ್ಲ. ಹಾರ್ಡಿಯವರು ಊರಿನ ವರ್ತಕರ ಬಳಿಗೆ ಹೋಗಿ, ಮುಂದೆ ತೀರಿಸುವ ಭರವಸೆಯ ಮೇಲೆ ದಿನಸಿ ತಂದರು. ಹೊಸದಾಗಿ ಮದುವೆಯಾಗಿ ಬಂದ ಲಿಲ್ಲಿಯವರು ತಮ್ಮ ಪುಟ್ಟ ಮನೆಯಲ್ಲಿಯೇ ಮುಷ್ಕರನಿರತರ ಕುಟುಂಬಗಳಿಗೆ ಗಂಜಿ ಕಾಯಿಸಿ ಬಡಿಸಿದರು. ಮುಷ್ಕರ ಸೋತಿತು. ಆದರೆ ತಾವು ಉಪವಾಸವಿದ್ದಾಗ ತಮ್ಮೊಡನೆ ಇದ್ದವರು ಯಾರೆಂಬುದನ್ನು ಗಣಿಯ ಜನರು ಮರೆಯಲಿಲ್ಲ. ನಾಯಕರ ಮಾತುಗಳನ್ನು ಬರೆದಿಡುವ ಇತಿಹಾಸವು ಅವರ ಮನೆಯ ಒಲೆಯ ಮುಂದೆ ಕುಳಿತವರನ್ನು ಬರೆದಿಡುವುದು ಅಪರೂಪ. ಹಾರ್ಡಿಯವರು ಊರೂರು ಸುತ್ತಿದ ಮೂವತ್ತೈದು ವರ್ಷಗಳ ಕಾಲ ಅಲ್ಪ ವರಮಾನದಲ್ಲಿ ಮಕ್ಕಳನ್ನು ಸಾಕಿ ಮನೆಯನ್ನು ನಡೆಸಿದವರು ಲಿಲ್ಲಿಯವರೇ. ಆ ತ್ಯಾಗದ ಲೆಕ್ಕವನ್ನೂ ನಾಯಕನ ಕೀರ್ತಿಯೊಂದಿಗೆ ಸೇರಿಸಿಯೇ ಓದಬೇಕು.

ದಂಪತಿಗಳು ಏರ್‌ಷೈರ್ ಪ್ರಾಂತದ ಕಮ್‌ನಕ್ ಎಂಬ ಊರಿಗೆ ಬಂದು ನೆಲೆಸಿದರು. ಅಲ್ಲಿಯೂ 1881ರಲ್ಲಿ ದೊಡ್ಡ ಮುಷ್ಕರ ನಡೆದು ಸಂಘವು ಬಳಲಿ ಹೋಯಿತು. ಹಾರ್ಡಿಯವರು ಜೀವನೋಪಾಯಕ್ಕಾಗಿ ಸ್ಥಳೀಯ ಪತ್ರಿಕೆಗೆ ಬರೆಯುತ್ತ, ಭಾನುವಾರಗಳಲ್ಲಿ ಧರ್ಮಬೋಧೆ ಮಾಡುತ್ತ, ಐದು ವರ್ಷ ತಾಳ್ಮೆಯಿಂದ ಕೆಲಸ ಮಾಡಿದರು. 1886ರಲ್ಲಿ ಏರ್‌ಷೈರ್ ಗಣಿ ಕಾರ್ಮಿಕರ ಸಂಘವು ಮತ್ತೆ ತಲೆಯೆತ್ತಿತು; ಅವರೇ ಕಾರ್ಯದರ್ಶಿ. 1887ರಲ್ಲಿ ‘ದಿ ಮೈನರ್’ ಎಂಬ ಪತ್ರಿಕೆಯನ್ನು ಆರಂಭಿಸಿದರು. ಅದೇ ಮುಂದೆ ‘ಲೇಬರ್ ಲೀಡರ್’ ಆಯಿತು.

ಈ ಹಂತದಲ್ಲಿ ಅವರಲ್ಲಿದ್ದ ಒಂದು ಕೊರತೆಯನ್ನೂ ಮರೆಮಾಚಬೇಕಾಗಿಲ್ಲ. ಕಡಿಮೆ ಕೂಲಿಗೆ ಒಡೆಯರು ಕರೆತಂದ ಪೂರ್ವ ಯುರೋಪಿನ, ಮುಖ್ಯವಾಗಿ ಲಿಥುವೇನಿಯದ ಬಡ ಕಾರ್ಮಿಕರ ವಿರುದ್ಧ ಹಾರ್ಡಿಯವರು ತಮ್ಮ ಪತ್ರಿಕೆಯಲ್ಲಿ ಕಟುವಾಗಿ ಬರೆದರು. ಕರೆತಂದವರ ಮೇಲಿನ ಸಿಟ್ಟು, ಬಂದ ಬಡವರ ಮೇಲೆ ತಿರುಗಿತು. ಬಾಗಿಲ ಹೊರಗೆ ನಿಂತವನ ನೋವನ್ನು ಬಲ್ಲವರೂ ಇನ್ನೊಬ್ಬರಿಗೆ ಬಾಗಿಲು ಮುಚ್ಚಬಹುದು ಎಂಬುದಕ್ಕೆ ಇದು ನಿದರ್ಶನ. ಇದರಿಂದ ಅವರು ಹೇಗೆ ಮೇಲೆದ್ದರೆಂಬುದನ್ನು ಮುಂದೆ ಕಾಣಬಹುದು.

ಸಂಸತ್ತಿನ ಬಾಗಿಲು

1867 ಮತ್ತು 1884ರ ಸುಧಾರಣೆಗಳಿಂದ ಅನೇಕ ದುಡಿಯುವ ಗಂಡಸರಿಗೆ ಮತದಾನದ ಹಕ್ಕು ಬಂದಿತ್ತು. ಆದರೆ ಸಂಸತ್ತಿನ ಸದಸ್ಯರಿಗೆ ಆಗ ಸಂಬಳವಿರಲಿಲ್ಲ, 1911ರವರೆಗೂ ಇರಲಿಲ್ಲ. ಆಸ್ತಿಯುಳ್ಳವರು ಮಾತ್ರ ಅಲ್ಲಿ ಕುಳಿತುಕೊಳ್ಳಬಹುದಾಗಿತ್ತು. 1874ರಿಂದ ಬೆರಳೆಣಿಕೆಯ ಕಾರ್ಮಿಕರು ಲಿಬರಲ್ ಪಕ್ಷದ ಆಶ್ರಯದಲ್ಲಿ ಆರಿಸಿಬಂದಿದ್ದರು. ಗಣಿಯ ಒಡೆಯನೂ ಗಣಿಯ ಕಾರ್ಮಿಕನೂ ಒಂದೇ ಪಕ್ಷದಲ್ಲಿದ್ದರೆ ಕಾರ್ಮಿಕನ ಮಾತು ನಡೆಯುವುದು ಹೇಗೆ ಎಂಬ ಪ್ರಶ್ನೆ ಹಾರ್ಡಿಯವರನ್ನು ಕಾಡಿತು.

1888ರಲ್ಲಿ ಮಿಡ್ ಲ್ಯಾನಾರ್ಕ್ ಕ್ಷೇತ್ರದ ಉಪಚುನಾವಣೆಯಲ್ಲಿ ಅವರು ಸ್ವತಂತ್ರ ಕಾರ್ಮಿಕ ಅಭ್ಯರ್ಥಿಯಾಗಿ ನಿಂತರು. ಹಿಂದೆ ಸರಿದರೆ ಮುಂದಿನ ಚುನಾವಣೆಯಲ್ಲಿ ಭದ್ರವಾದ ಕ್ಷೇತ್ರವನ್ನೂ ವರ್ಷಕ್ಕೆ 300 ಪೌಂಡುಗಳನ್ನೂ ಕೊಡುವುದಾಗಿ ಲಿಬರಲ್ ಪಕ್ಷದ ಕಡೆಯಿಂದ ಆಮಿಷ ಬಂದಿತು. ಮನೆಯಲ್ಲಿ ಬಡತನವಿದ್ದರೂ ಅವರು ಅದನ್ನು ನಿರಾಕರಿಸಿದರು. ದೊರೆತ ಮತಗಳು 617, ಸ್ಥಾನ ಕೊನೆಯದು. ಆದರೂ ಅವರು ಧೃತಿಗೆಡಲಿಲ್ಲ. ಅದೇ ವರ್ಷ ಸ್ಕಾಟಿಷ್ ಲೇಬರ್ ಪಕ್ಷವು ಸ್ಥಾಪನೆಯಾಯಿತು. 1892ರಲ್ಲಿ ಲಂಡನ್ನಿನ ಹಡಗುಕಟ್ಟೆಗಳ ಕಾರ್ಮಿಕರು ವಾಸಿಸುವ ವೆಸ್ಟ್ ಹ್ಯಾಮ್ ಸೌತ್ ಕ್ಷೇತ್ರವು ಹಾರ್ಡಿಯವರನ್ನು ಆರಿಸಿ ಕಳುಹಿಸಿತು.

ಆಗಿನ ಸದಸ್ಯರು ರೇಷ್ಮೆಯ ಎತ್ತರದ ಟೋಪಿ, ಕಪ್ಪು ನಿಲುವಂಗಿ ಧರಿಸಿ ಸಭೆಗೆ ಬರುವುದು ಪದ್ಧತಿ. ಹಾರ್ಡಿಯವರು ಸಾಧಾರಣ ಉಣ್ಣೆಯ ಉಡುಪಿನಲ್ಲಿ, ಬಟ್ಟೆಯ ಟೋಪಿಯಲ್ಲಿ ಬಂದರು. ಪತ್ರಿಕೆಗಳು ಸಂಸತ್ತಿನ ಗೌರವಕ್ಕೆ ಕುಂದಾಯಿತೆಂದು ಗದ್ದಲ ಮಾಡಿದವು. ಮಾಳಿಗೆಯ ದುರಸ್ತಿ ಕೆಲಸಕ್ಕೆ ಬಂದವನೇ ಎಂದು ಬಾಗಿಲಲ್ಲಿ ಅವರನ್ನು ಕೇಳಿದರೆಂಬ ಕಥೆಯೂ ಹಬ್ಬಿತು. ಅವರ ಉಡುಪನ್ನು ನೋಡಿದವರು ಅನೇಕರು. ಅವರು ಕೇಳಿದುದನ್ನು ಕೇಳಿಸಿಕೊಂಡವರು ಕೆಲವರು. 1893ರಲ್ಲಿ ಅವರು ಸಭೆಯಲ್ಲಿ ಎತ್ತಿದ ಮೊದಲ ದೊಡ್ಡ ವಿಷಯವೆಂದರೆ ಕೆಲಸವಿಲ್ಲದವರ ಗತಿ ಏನು ಎಂಬುದು. ನಿರುದ್ಯೋಗಿಗಳ ಪ್ರತಿನಿಧಿ ಎಂಬ ಹೆಸರು ಅವರಿಗೆ ಅಂದಿನಿಂದ ಅಂಟಿಕೊಂಡಿತು. ಅದೇ ವರ್ಷದ ಜನವರಿಯಲ್ಲಿ ಬ್ರಾಡ್‌ಫರ್ಡ್ ನಗರದಲ್ಲಿ ಸುಮಾರು 120 ಪ್ರತಿನಿಧಿಗಳು ಸೇರಿ, ಹಾರ್ಡಿಯವರ ಅಧ್ಯಕ್ಷತೆಯಲ್ಲಿ ಇಂಡಿಪೆಂಡೆಂಟ್ ಲೇಬರ್ ಪಕ್ಷವನ್ನು ಸ್ಥಾಪಿಸಿದ್ದರು.

ಒಂದು ಹುಟ್ಟು, ಇನ್ನೂರ ತೊಂಬತ್ತು ಸಾವು

1894ರ ಜೂನ್ 23, ಶನಿವಾರ. ಅಂದು ಬ್ರಿಟನ್ನಿನ ರಾಜಮನೆತನದಲ್ಲಿ ಗಂಡು ಮಗು ಹುಟ್ಟಿತು. ಅದೇ ದಿನ ಮಧ್ಯಾಹ್ನ ದಕ್ಷಿಣ ವೇಲ್ಸಿನ ಕಿಲ್ವನಿದ್ ಗ್ರಾಮದ ಆಲ್ಬಿಯನ್ ಗಣಿಯಲ್ಲಿ ಸ್ಫೋಟವಾಗಿ 290 ಮಂದಿ ಗಂಡಸರೂ ಹುಡುಗರೂ ಸತ್ತರು. ಮರುದಿನ ಫ್ರಾನ್ಸ್ ದೇಶದ ಅಧ್ಯಕ್ಷ ಕಾರ್ನೋ ಅವರು ಹಂತಕನ ಇರಿತಕ್ಕೆ ಬಲಿಯಾದರು. ಸಂಸತ್ತು ಫ್ರಾನ್ಸಿಗೆ ಸಂತಾಪ ಸೂಚಿಸಿತು. ರಾಜಮನೆತನಕ್ಕೆ ಅಭಿನಂದನೆ ಸಲ್ಲಿಸುವ ನಿರ್ಣಯವನ್ನೂ ಸಿದ್ಧಪಡಿಸಿತು. ಗಣಿಯಲ್ಲಿ ಸತ್ತವರ ಹೆಂಡಿರು ಮಕ್ಕಳಿಗೆ ಒಂದು ಸಾಂತ್ವನದ ಮಾತನ್ನು ಸಭೆಯ ನಿರ್ಣಯವಾಗಿ ಹೇಳಿರೆಂದು ಹಾರ್ಡಿಯವರು ಕೇಳಿಕೊಂಡರು. ಅದಕ್ಕೆ ಅವಕಾಶ ದೊರೆಯಲಿಲ್ಲ.

ಜೂನ್ 28ರಂದು ಅಭಿನಂದನೆಯ ನಿರ್ಣಯ ಬಂದಾಗ ಹಾರ್ಡಿಯವರು ಒಬ್ಬರೇ ಎದ್ದು ವಿರೋಧಿಸಿದರು. ಒಂದು ಮನೆಯ ಹುಟ್ಟಿಗೆ ಸಂತೋಷಪಡಲು ಸಮಯವಿರುವ ಸಭೆಗೆ, ನೂರಾರು ಮನೆಗಳ ಸಾವಿಗೆ ಮರುಗಲು ಸಮಯವಿಲ್ಲವೇ ಎಂಬುದು ಅವರ ಮಾತಿನ ತಿರುಳು. ಸಭೆಯು ಕೂಗಿ, ಊಳಿಟ್ಟು, ಕಾಲು ಬಡಿದು ಅವರ ಧ್ವನಿಯನ್ನು ಅಡಗಿಸಲು ಯತ್ನಿಸಿತು. ಅವರು ಮಾತು ಮುಗಿಸಿಯೇ ಕುಳಿತರು. ಆ ಮಗುವನ್ನು ಬಾಲ್ಯದಿಂದಲೇ ಹೊಗಳುಭಟ್ಟರು ಸುತ್ತುವರಿಯುವರು, ಮುಂದೆ ಲೋಕಸಂಚಾರಕ್ಕೆ ಕಳುಹಿಸುವರು, ಅಸಮಾನ ವಿವಾಹದ ವದಂತಿ ಏಳುವುದು, ಕಡೆಯಲ್ಲಿ ಅದರ ವೆಚ್ಚವನ್ನು ದೇಶವೇ ತೆರುವುದು ಎಂದು ಅವರು ಅಂದು ನುಡಿದಿದ್ದರು. ಆ ಮಗುವೇ ಎಂಟನೆಯ ಎಡ್ವರ್ಡ್ ಆಗಿ 1936ರಲ್ಲಿ ಸಿಂಹಾಸನವೇರಿ, ವಿವಾಹದ ಕಾರಣದಿಂದ ಅದೇ ವರ್ಷ ಡಿಸೆಂಬರಿನಲ್ಲಿ ಅದನ್ನು ತ್ಯಜಿಸಿದನು.

ಭವಿಷ್ಯ ನಿಜವಾದುದು ಇಲ್ಲಿ ಮುಖ್ಯವಲ್ಲ. ಮಗುವಿನ ಮೇಲೆ ಹಾರ್ಡಿಯವರಿಗೆ ದ್ವೇಷವೂ ಇರಲಿಲ್ಲ. ಇಪ್ಪತ್ತೇಳು ವರ್ಷಗಳ ಹಿಂದೆ ಗ್ಲಾಸ್ಗೋದ ಆ ಊಟದ ಕೋಣೆಯ ಬಾಗಿಲಲ್ಲಿ ಕಂಡ ಗೋಡೆಯನ್ನೇ ಅವರು ಸಂಸತ್ತಿನಲ್ಲಿಯೂ ಕಂಡರು. ಒಳಗಿನವರ ಸುಖದುಃಖ ಮಾತ್ರ ಸುಖದುಃಖ, ಹೊರಗಿನವರದು ಸುದ್ದಿ. ಗ್ಲಾಸ್ಗೋದಲ್ಲಿ ಮೌನವಾಗಿ ಹೊರಟುಹೋದ ಹುಡುಗನು ಈ ಬಾರಿ ಒಳಗೆ ನಿಂತು ಮಾತನಾಡಿದನು.

ಒಬ್ಬರಿಂದ ಇಪ್ಪತ್ತೊಂಬತ್ತು

ಮರುವರ್ಷದ ಚುನಾವಣೆಯಲ್ಲಿ ಹಾರ್ಡಿಯವರು ಸೋತರು. ಸೋಲಿನ ಐದು ವರ್ಷಗಳನ್ನು ಅವರು ಊರೂರು ಸುತ್ತಿ ಸಂಘಗಳನ್ನು ಒಂದುಗೂಡಿಸುವುದರಲ್ಲಿ ಕಳೆದರು. 1900ರ ಫೆಬ್ರವರಿ 27ರಂದು ಲಂಡನ್ನಿನಲ್ಲಿ ಕಾರ್ಮಿಕ ಸಂಘಗಳ ಹಾಗೂ ಸಮಾಜವಾದಿ ಸಂಘಟನೆಗಳ 129 ಪ್ರತಿನಿಧಿಗಳು ಸೇರಿದರು. ಸಂಸತ್ತಿನಲ್ಲಿ ಪ್ರತ್ಯೇಕವಾದ ಕಾರ್ಮಿಕ ಗುಂಪು ಇರಬೇಕೆಂಬ ಹಾರ್ಡಿಯವರ ಸೂಚನೆ ಒಪ್ಪಿಗೆ ಪಡೆಯಿತು. ಆ ವರ್ಷದ ಚುನಾವಣೆಯಲ್ಲಿ ಗೆದ್ದವರು ಇಬ್ಬರೇ. ಅವರಲ್ಲಿ ಒಬ್ಬರು ವೇಲ್ಸಿನ ಗಣಿನಾಡಾದ ಮರ್ಥಿರ್ ಟಿಡ್ವಿಲ್ ಕ್ಷೇತ್ರದಿಂದ ಬಂದ ಹಾರ್ಡಿಯವರು. ಗಣಿಯ ದುರಂತದ ದಿನ ತಮಗಾಗಿ ಮಾತನಾಡಿದವರನ್ನು ವೇಲ್ಸಿನ ಗಣಿಯ ಜನರು ಮರೆತಿರಲಿಲ್ಲ.

1901ರಲ್ಲಿ ಟಾಫ್ ವೇಲ್ ರೈಲ್ವೆ ಪ್ರಕರಣದ ತೀರ್ಪು ಬಂದಿತು. ಮುಷ್ಕರದಿಂದ ಒಡೆಯನಿಗಾದ ನಷ್ಟವನ್ನು ಕಾರ್ಮಿಕ ಸಂಘವೇ ಕಟ್ಟಿಕೊಡಬೇಕೆಂಬ ಅದರ ಅರ್ಥವು ಎಲ್ಲ ಸಂಘಗಳನ್ನೂ ಬೆಚ್ಚಿಬೀಳಿಸಿತು. ಕಾಯಿದೆ ಮಾಡುವ ಸ್ಥಳದಲ್ಲಿ ತಮ್ಮವರಿಲ್ಲದಿದ್ದರೆ ಸಂಘವೇ ಉಳಿಯದೆಂಬ ಹಾರ್ಡಿಯವರ ಮಾತು ಆಗ ಜನರಿಗೆ ಮನವರಿಕೆಯಾಯಿತು. 1906ರ ಚುನಾವಣೆಯಲ್ಲಿ 29 ಮಂದಿ ಗೆದ್ದರು. ಲೇಬರ್ ಪಕ್ಷವೆಂಬ ಹೆಸರೂ ಆಗಲೇ ಸ್ಥಿರವಾಯಿತು. ಸಂಸತ್ತಿನಲ್ಲಿ ಅದರ ಮೊದಲ ನಾಯಕರಾದವರು ಹಾರ್ಡಿಯವರು. ಅದೇ ವರ್ಷ ಟಾಫ್ ವೇಲ್ ತೀರ್ಪನ್ನು ತೊಡೆದುಹಾಕುವ ಕಾಯಿದೆ ಬಂದಿತು. ಹಸಿದ ಶಾಲಾಮಕ್ಕಳಿಗೆ ಸ್ಥಳೀಯ ಸಂಸ್ಥೆಗಳು ಊಟ ಕೊಡಬಹುದೆಂಬ ಕಾಯಿದೆಯೂ ಅದೇ ವರ್ಷ, ಲೇಬರ್ ಸದಸ್ಯರೊಬ್ಬರು ಮಂಡಿಸಿದ ಮಸೂದೆಯಿಂದಲೇ ಬಂದಿತು. ಹಸಿದ ಮಗುವಿನ ಎದುರಿಗೆ ಉಪದೇಶ ಮಾಡುವ ಬದಲು ಮೊದಲು ಊಟ ಬಡಿಸಬೇಕೆಂಬ ವಿವೇಕವು ಕಡೆಗೂ ಕಾಯಿದೆಯ ಪುಸ್ತಕವನ್ನು ಸೇರಿತು.

ನಾಯಕನ ಸ್ಥಾನವು ಹಾರ್ಡಿಯವರ ಸ್ವಭಾವಕ್ಕೆ ಒಗ್ಗಲಿಲ್ಲ. ಹೊಂದಾಣಿಕೆ, ಲೆಕ್ಕಾಚಾರ, ಸಮಿತಿಯ ಕಲಾಪಗಳಲ್ಲಿ ಅವರಿಗೆ ನಿಪುಣತೆಯಿರಲಿಲ್ಲ. ಮಹಿಳೆಯರಿಗೆ ಮತದಾನದ ಹಕ್ಕು ಬೇಕೆಂದು ಅವರು ಹಿಡಿದ ಹಟವು ಸ್ವಪಕ್ಷದವರಿಗೂ ಬೇಸರ ತರಿಸಿತು. ಅನಾರೋಗ್ಯವೂ ಸೇರಿ, ಆ ಸ್ಥಾನವನ್ನು ಅವರು ಯಾವ ಕಹಿಯೂ ಇಲ್ಲದೆ ಬಿಟ್ಟುಕೊಟ್ಟರು.

ಭಾರತದಲ್ಲಿ ಕಂಡುದು

1907ರಲ್ಲಿ ಆರೋಗ್ಯಕ್ಕಾಗಿ ಲೋಕಸಂಚಾರಕ್ಕೆ ಹೊರಟ ಹಾರ್ಡಿಯವರು ಕೆನಡ, ಜಪಾನ್ ದಾಟಿ ಭಾರತಕ್ಕೆ ಬಂದರು. 1905ರ ವಿಭಜನೆಯಿಂದ ಬಂಗಾಳವು ಕುದಿಯುತ್ತಿದ್ದ ಕಾಲವದು. ಪೂರ್ವ ಬಂಗಾಳದ ಊರುಗಳಲ್ಲಿ ಸಂಚರಿಸಿ ಅವರು ರೈತರನ್ನೂ ಸ್ವದೇಶಿ ಚಳವಳಿಯ ಜನರನ್ನೂ ಕಂಡು ಮಾತನಾಡಿದರು. ಕೆನಡದ ಜನರಿಗೆ ಸ್ವಯಮಾಡಳಿತ ಒಳ್ಳೆಯದಾದರೆ ಭಾರತದ ಜನರಿಗೆ ಏಕೆ ಅಲ್ಲ ಎಂಬ ಅರ್ಥದ ಅವರ ಮಾತುಗಳು ಲಂಡನ್ನಿನ ಪತ್ರಿಕೆಗಳಲ್ಲಿ ದೊಡ್ಡ ಕೋಲಾಹಲವನ್ನೆಬ್ಬಿಸಿದವು. ರಾಜದ್ರೋಹವನ್ನು ಪ್ರಚೋದಿಸುತ್ತಿರುವರೆಂಬ ಆರೋಪ ಬಂದಿತು. ಊರಿಗೆ ಮರಳಿದ ಮೇಲೆ 1909ರಲ್ಲಿ ಅವರು ಭಾರತವನ್ನು ಕುರಿತು ಪುಸ್ತಕವನ್ನು ಪ್ರಕಟಿಸಿ, ರೈತನ ಮೇಲಿನ ಕಂದಾಯದ ಭಾರವನ್ನೂ, ಉನ್ನತ ಹುದ್ದೆಗಳಿಂದ ಭಾರತೀಯರನ್ನು ದೂರವಿಟ್ಟಿರುವುದನ್ನೂ ಬ್ರಿಟನ್ನಿನ ಓದುಗರ ಮುಂದಿಟ್ಟರು.

ಅದೇ ಸಂಚಾರದ ಕೊನೆಯಲ್ಲಿ, 1908ರಲ್ಲಿ ಅವರು ದಕ್ಷಿಣ ಆಫ್ರಿಕಕ್ಕೆ ಹೋದರು. ಕಪ್ಪು ಜನರನ್ನೂ ಕಾರ್ಮಿಕ ಸಂಘಗಳಿಗೆ ಸೇರಿಸಿಕೊಳ್ಳಬೇಕೆಂದು ಅವರು ಹೇಳಿದುದಕ್ಕೆ ಬಿಳಿಯರ ಗುಂಪುಗಳು ಅವರ ಸಭೆಗಳ ಮೇಲೆ ದಾಳಿ ಮಾಡಿದವು. ಇಪ್ಪತ್ತು ವರ್ಷಗಳ ಹಿಂದೆ ಲಿಥುವೇನಿಯದ ಬಡವನನ್ನು ಪರಕೀಯನೆಂದು ಕಂಡಿದ್ದ ಮನುಷ್ಯನು ಈಗ ದೂರದ ಖಂಡದ ಕಪ್ಪು ಕಾರ್ಮಿಕನಿಗಾಗಿ ಕಲ್ಲೇಟಿನ ಎದುರು ನಿಂತನು. ಮನುಷ್ಯನು ಬೆಳೆಯುವುದೆಂದರೆ ಇದೇ. ತನ್ನವರು ಎಂಬ ಮಾತಿನ ಎಲ್ಲೆಯು ವರ್ಷ ಕಳೆದಂತೆ ಹಿಗ್ಗಬೇಕೇ ಹೊರತು ಕುಗ್ಗಬಾರದು.

ಕೊನೆಯ ಪರೀಕ್ಷೆ

ಒಂದು ದೇಶದ ಗಣಿ ಕಾರ್ಮಿಕನು ಇನ್ನೊಂದು ದೇಶದ ಗಣಿ ಕಾರ್ಮಿಕನನ್ನು ಕೊಲ್ಲಬಾರದು. ಯುದ್ಧ ಬಂದರೆ ಎಲ್ಲ ದೇಶಗಳ ಕಾರ್ಮಿಕರೂ ಕೆಲಸ ನಿಲ್ಲಿಸಿ ಅದನ್ನು ತಡೆಯಬೇಕು ಎಂಬುದು ಹಾರ್ಡಿಯವರ ಕೊನೆಯ ವರ್ಷಗಳ ಕನಸಾಗಿತ್ತು. 1914ರ ಆಗಸ್ಟ್ 2ರಂದು ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಅವರು ಯುದ್ಧದ ವಿರುದ್ಧ ಮಾತನಾಡಿದರು. ಎರಡು ದಿನಗಳಲ್ಲಿ ಬ್ರಿಟನ್ ಯುದ್ಧಕ್ಕಿಳಿಯಿತು. ಆಗಸ್ಟ್ 6ರಂದು ತಮ್ಮ ಕ್ಷೇತ್ರಕ್ಕೇ ಸೇರಿದ ಅಬರ್‌ಡೇರ್ ಪಟ್ಟಣದ ಸಭೆಯಲ್ಲಿ ಮಾತನಾಡಲು ನಿಂತಾಗ, ಹದಿನಾಲ್ಕು ವರ್ಷ ತಮ್ಮನ್ನು ಆರಿಸಿ ಕಳುಹಿಸಿದ ಜನರ ನಡುವಿನಿಂದಲೇ ಕೂಗಾಟ ಎದ್ದು ಸಭೆ ಮುರಿದುಬಿದ್ದಿತು. ಸಂಸತ್ತಿನ ಸಿರಿವಂತರ ಊಳಿಗೆ ಜಗ್ಗದವರು ತಮ್ಮವರ ಕೂಗಿಗೆ ಒಳಗೊಳಗೇ ಕುಸಿದರು. ಆದರೂ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಆರೋಗ್ಯವು ಕೆಟ್ಟು, 1915ರ ಸೆಪ್ಟೆಂಬರ್ 26ರಂದು ಗ್ಲಾಸ್ಗೋದಲ್ಲಿ, 59ನೆಯ ವಯಸ್ಸಿನಲ್ಲಿ ಅವರು ದೇಹವನ್ನು ಬಿಟ್ಟರು. ಅವರಿಂದ ತೆರವಾದ ಸ್ಥಾನವನ್ನು ಗೆದ್ದವರು ಅಬರ್‌ಡೇರಿನಲ್ಲಿ ಅವರ ವಿರುದ್ಧ ಕೂಗಿದವರ ಮುಂದಾಳೇ.

ಹಾಗಾದರೆ ಅವರ ಜೀವನ ವ್ಯರ್ಥವಾಯಿತೇ? ಕಾಲವು ಬೇರೆ ಉತ್ತರ ಹೇಳಿತು. 1924ರಲ್ಲಿ ಬ್ರಿಟನ್ನಿನಲ್ಲಿ ಮೊದಲ ಲೇಬರ್ ಸರಕಾರ ಬಂದಿತು. 1945ರಲ್ಲಿ ಪಕ್ಷವು ಪೂರ್ಣ ಬಹುಮತ ಪಡೆಯಿತು. 1947ರ ಜನವರಿ 1ರಂದು ದೇಶದ ಕಲ್ಲಿದ್ದಲು ಗಣಿಗಳು ಜನರ ಸ್ವತ್ತಾದುವೆಂದು ಗಣಿ ಗಣಿಯ ಬಾಗಿಲಲ್ಲಿ ಫಲಕಗಳು ಎದ್ದವು. ಬೆಂಕಿಯೂ ಆಹಾರವೂ ಇಲ್ಲದ ಮನೆಯ ಮೇಲೆ ಸೂರ್ಯ ಮೂಡಿದ ಆ ಜನವರಿ 1ಕ್ಕೆ ಅಂದಿಗೆ ಸರಿಯಾಗಿ 80 ವರ್ಷ. ಅದೇ ಸರಕಾರದ ಕಾಲದಲ್ಲಿ, ಅದೇ 1947ರ ಆಗಸ್ಟ್ 15ರಂದು, ಹಾರ್ಡಿಯವರ ಜನ್ಮದಿನದಂದು, ಭಾರತವು ಸ್ವತಂತ್ರವಾಯಿತು. ಇವು ಕಾಕತಾಳೀಯಗಳೇ ಇರಬಹುದು. ಆದರೆ ಬಿತ್ತಿದವನು ಕಾಣದ ಬೆಳೆಯನ್ನು ಕಾಲವು ಕೊಯ್ಯುತ್ತದೆ ಎಂಬುದು ಕಾಕತಾಳೀಯವಲ್ಲ. ಆ ಗಣಿಗಳೂ ಶಾಶ್ವತವಾಗಿರಲಿಲ್ಲ. 1994ರಲ್ಲಿ ಅವು ಮತ್ತೆ ಖಾಸಗಿಯವರ ಪಾಲಾದವು. 2015ರಲ್ಲಿ ಬ್ರಿಟನ್ನಿನ ಆಳದ ಗಣಿಗಳಲ್ಲಿ ಕೊನೆಯ ದೊಡ್ಡ ಗಣಿಯೂ ಮುಚ್ಚಿತು.

ಗಣಿ ಮುಚ್ಚಿದರೂ ಪ್ರಶ್ನೆ ಮುಚ್ಚಿಲ್ಲ. ಪ್ರಾರ್ಥನೆ ನಡೆಯುವ ಪ್ರತಿ ಮನೆಯ ಬಾಗಿಲ ಹೊರಗೂ ಇಂದಿಗೂ ಯಾರೋ ಒಬ್ಬರು ನಿಂತಿರುತ್ತಾರೆ. ಮನೆಗೆಲಸದವಳಿರಬಹುದು, ಗಾಡಿ ಓಡಿಸುವವನಿರಬಹುದು, ಹೊಲದ ಆಳಿರಬಹುದು, ತಡವಾಗಿ ಬಂದುದಕ್ಕೆ ಹೆದರಿ ನಿಂತ ಹುಡುಗನಿರಬಹುದು. ಅವರು ತಡವಾದುದೇಕೆಂದು ಕೇಳುವುದರಿಂದ ಭಕ್ತಿಗೆ ಕುಂದು ಬಾರದು; ಅವರ ದುಡಿಮೆಯ ಹಣವನ್ನು ಹೊತ್ತಿಗೆ ಸರಿಯಾಗಿ ಅವರ ಕೈಗಿಡುವುದರಿಂದ ಪೂಜೆಗೆ ಲೋಪ ಬಾರದು. ಗ್ಲಾಸ್ಗೋದ ಆ ಒಡೆಯನು ಪ್ರಾರ್ಥನೆ ಮುಗಿಸಿ ಬಾಗಿಲು ತೆರೆದನು. ಮೊದಲು ಬಾಗಿಲು ತೆರೆದು, ಹುಡುಗನನ್ನು ಒಳಗೆ ಕರೆದು, ಬೆಂಕಿಯ ಹತ್ತಿರ ಕೂರಿಸಿ, ಅನಂತರ ಪ್ರಾರ್ಥನೆಗೆ ಕುಳಿತಿದ್ದರೆ ಆ ಪ್ರಾರ್ಥನೆಯು ಪೂರ್ಣವಾಗುತ್ತಿತ್ತು.